ಹುಸೇನ್ ಸಾಗರದವರ ಲೈಫ್ ಸರ್ಟಿಫಿಕೇಟ್

ಗುರುಬಾಯಿ ಕೆಲಸಕ್ಕೆ ಕೂತಳೆಂದರೆ ತಲೆ ಎತ್ತುತ್ತಿರಲಿಲ್ಲ. ಹಿಮಾಯತ್‌ನಗರದ ಆ ಪಿಂಚಣಿ ಕಚೇರಿಯಲ್ಲಿ ಇದನ್ನು ಸೊಕ್ಕು ಎಂದು ತಿಳಿದವರೇ ಹೆಚ್ಚು. ಸೊಕ್ಕಲ್ಲ, ಪಾಪ, ಅವಳ ಮೆತ್ತನೆಯ ಮನಸ್ಸೇ ಅವಳಿಗೆ ಕಾಟ. ಒಬ್ಬ ಮುದುಕನ ಮುಖ ಕಣ್ಣಿಗೆ ಬಿತ್ತೋ, ಅವನ ಮಂಡಿನೋವು ಕೇಳಬೇಕು, ಸೊಸೆಯ ಮೇಲಿನ ದೂರು ಕೇಳಬೇಕು, ಕೊನೆಗೆ ಕೈಲಾಗದ್ದನ್ನೂ ಮಾಡಿಕೊಡಲು ಹೆಣಗಬೇಕು. ಆಗದಿದ್ದರೆ ಆ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ಇಪ್ಪತ್ತಾರು ವರ್ಷಗಳ ನೌಕರಿಯಲ್ಲಿ ಒಂದು ದಾರಿ ಕಂಡುಕೊಂಡಿದ್ದಳು: ಕಣ್ಣು ರಜಿಸ್ಟರಿನ ಮೇಲೆ, ಕಿವಿ ಕೌಂಟರಿನ ಮೇಲೆ.

ಅದು ೧೯೮೬ರ ನವೆಂಬರ್. ನವೆಂಬರ್ ಬಂತೆಂದರೆ ಹೈದರಾಬಾದಿನ ಮುದುಕರೆಲ್ಲ ತಾವು ಬದುಕಿದ್ದೇವೆಂದು ತೋರಿಸಲು ಹೊರಡುತ್ತಾರೆ. ಸರಕಾರಕ್ಕೆ ಯಾರ ಮೇಲೂ ನಂಬಿಕೆಯಿಲ್ಲ, ಅದರಲ್ಲೂ ವಯಸ್ಸಾದವರ ಮೇಲೆ ಮೊದಲೇ ಇಲ್ಲ. ವರ್ಷಕ್ಕೊಮ್ಮೆ ಖುದ್ದಾಗಿ ಬಂದು ಲೈಫ್ ಸರ್ಟಿಫಿಕೇಟಿನ ಮೇಲೆ ಸಹಿ ಮಾಡಬೇಕು. ಇಲ್ಲವೇ ಯಾರಾದರೂ ಅಧಿಕಾರಿ ಕಣ್ಣಾರೆ ಕಂಡು, ಇವರು ಜೀವಂತ ಇದ್ದಾರೆಂದು ಬರೆದುಕೊಡಬೇಕು. ಅಂಥ ಅಧಿಕಾರಿ ಸಿಗದೆ ಕೌಂಟರಿನ ಮುಂದೆ ಯಾರಾದರೂ ಗೋಳಾಡಿದರೆ ಹಿಂದಿನ ವರ್ಷದವರೆಗೂ ಗುರುಬಾಯಿ ತಲೆ ಎತ್ತದೆ ಒಂದೇ ಮಾತು ಹೇಳುತ್ತಿದ್ದಳು. "ಯಾರೂ ಸಿಗಲಿಲ್ಲಂದ್ರ ನಮ್ಮ ಮನಿಗೆ ಬರ್ರಿ. ನಾರಾಯಣಗೂಡ, ಬೇವಿನ ಗಿಡದ ಮನಿ. ನಮ್ಮ ತಂದಿಯವರು ಸಹಿ ಹಾಕಿ ಕೊಡ್ತಾರ."

ತಂದೆ ಹಣಮಂತರಾಯರು ನಿವೃತ್ತ ತಹಸೀಲ್ದಾರರು. ವಯಸ್ಸು ಎಂಬತ್ತೆರಡು. ಬೀದರ ಕಡೆಯಿಂದ ನಿಜಾಮನ ಕಾಲದಲ್ಲೇ ನೌಕರಿಗೆ ಬಂದವರು. ನಾರಾಯಣಗೂಡದ ಕಾಲೇಜು ಹುಡುಗರು, ಸುತ್ತಲಿನ ಮುದುಕರು ಬೆಳಗಾದರೆ ಅವರ ವರಾಂಡದಲ್ಲಿ ಕಾಗದ ಹಿಡಿದು ಕೂತಿರುತ್ತಿದ್ದರು. ರಾಯರು ತಲೆಗೆ ಕರಿ ಟೋಪಿ ಇಟ್ಟು, ಹಸಿರು ಶಾಯಿಯ ಪೆನ್ನು ಹಿಡಿದು ಹೊರಗೆ ಬರುತ್ತಿದ್ದರು. ಆದರೆ ಸಹಿಗೆ ಮೊದಲು ಎದುರಿಗಿದ್ದವರ ಮುಖ ನೋಡಬೇಕು. ಸುಮ್ಮನೆ ನೋಡುವುದಲ್ಲ, ಹಣೆಯಿಂದ ಗಲ್ಲದವರೆಗೆ, ಪೂರ್ತಿ. "ಮಾರಿ ನೋಡಲಾರದ ಹಾಕಿದ ಸಹಿ ಸುಳ್ಳ ಸಹಿ" ಎನ್ನುತ್ತಿದ್ದರು. ಆ ನೋಟಕ್ಕೆ ಹೆದರಿ ಒಬ್ಬಿಬ್ಬರು ನಕಲಿ ಮಾರ್ಕ್ಸ್ ಕಾರ್ಡಿನವರು ಗೇಟಿನಿಂದಲೇ ಓಟ ಕಿತ್ತದ್ದೂ ಉಂಟು. ಆ ಹಸಿರು ಪೆನ್ನಿಗೆ ದಿನವೂ ಬೆಳಿಗ್ಗೆ ಶಾಯಿ ತುಂಬಿಡುತ್ತಿದ್ದವಳು ಅವರ ಹೆಂಡತಿ ಅಂಬವ್ವ.

ಮೇ ತಿಂಗಳಲ್ಲಿ ಅಂಬವ್ವ ಹೋದಳು. ಹದಿನಾಲ್ಕನೆಯ ದಿನ ರಾಯರು ಗೋಡೆ ಕಡೆ ಮುಖ ಮಾಡಿ ಮಲಗಿದವರು ಮತ್ತೆ ಈ ಕಡೆ ತಿರುಗಲಿಲ್ಲ. ಕೈಗೆ ಕೊಟ್ಟರೆ ಎರಡು ತುತ್ತು ಉಣ್ಣುತ್ತಿದ್ದರು. ಮಾತು ನಿಂತಿತು. ವರಾಂಡದ ಸಾಲು ವಾರಕ್ಕಷ್ಟು ಕರಗಿ, ಮುಗಿದೇ ಹೋಯಿತು. ಗಂಡ ತೀರಿಕೊಂಡು ಇಪ್ಪತ್ತೆಂಟನೆಯ ವಯಸ್ಸಿಗೆ ತವರಿಗೆ ಬಂದ ಗುರುಬಾಯಿಗೆ ಇದ್ದ ಒಂದೇ ಆಸರೆ ಈ ಬೆನ್ನು ತಿರುಗಿಸಿದ ಅಪ್ಪ.

ರಾಯರ ಸ್ವಂತ ಲೈಫ್ ಸರ್ಟಿಫಿಕೇಟು ನವೆಂಬರ್ ಒಂದರಿಂದ ಕಪಾಟಿನ ಮೇಲೆ ಬಿದ್ದಿತ್ತು. ಗುರುಬಾಯಿ ಮೂರು ಸಲ ಮಂಚದ ಹತ್ತಿರ ಒಯ್ದು ಹಿಡಿದಿದ್ದಳು. ಮೂರನೆಯ ಸಲ ರಾಯರು ಗೋಡೆಗೇ ಹೇಳಿದರು. "ನಾನು ಈ ದಿನ ಜೀವಂತ ಇದ್ದೇನೆ ಅಂತ ಬರದಾರ ಇದರಾಗ. ಸುಳ್ಳ ಕಾಗದಕ್ಕ ನಾ ಇನ್ನೂ ತನಕ ಸಹಿ ಹಾಕಿಲ್ಲ, ಗುರವ್ವ. ಒಯ್ಯಿ ಅತ್ತಾಗ."

ಪಿಂಚಣಿ ನಿಂತರೆ ನಿಲ್ಲಲಿ, ಮಗಳ ಸಂಬಳವಿತ್ತು. ಅವಳ ಸಂಕಟ ಬೇರೆಯದೇ. ತಿಂಗಳು ಮುಗಿಯುವಾಗ, ಬಾರದವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಹಾಜರಿಲ್ಲ' ಎಂದು ಬರೆಯುವ ಕೆಲಸ ಅವಳದೇ. ಅದೇ ಕಾಲಮಿನಲ್ಲಿ ಮುಂದೊಂದು ದಿನ 'ಮೃತ' ಎಂದು ಬರೆಯುತ್ತಾರೆ. ಹಾಜರಿಲ್ಲದವರು ಎಷ್ಟು ಬೇಗ ಆ ಇನ್ನೊಂದು ಶಬ್ದಕ್ಕೆ ಹೋಗಿ ಸೇರುತ್ತಾರೆಂಬುದನ್ನು ಅವಳು ಇಪ್ಪತ್ತಾರು ವರ್ಷ ಕಂಡಿದ್ದಳು. ಬದುಕಿದ್ದೇನೆ ಎಂದು ಹೇಳಲು ಬೇಸರ ಬಂದವರು ಬಹಳ ದಿನ ಉಳಿಯುವುದಿಲ್ಲ. ಮೂವತ್ತನೆಯ ತಾರೀಖು ಭಾನುವಾರ. ಶನಿವಾರವೇ ಕೊನೆಯ ದಿನ.

ಶುಕ್ರವಾರ ಮಧ್ಯಾಹ್ನ ಕಚೇರಿಯಲ್ಲಿ ಸಾಲು ರಸ್ತೆಯವರೆಗೆ ಹೋಗಿತ್ತು. ಒಂದೂವರೆ ಗಂಟೆಯ ಸುಮಾರಿಗೆ ಮೇಲಿನ ಫ್ಯಾನು ಗಕ್ಕನೆ ನಿಂತು, ಯೋಚನೆ ಮಾಡಿ, ಉಲ್ಟಾ ತಿರುಗತೊಡಗಿತು. ಗುರುಬಾಯಿಯ ಲೋಟದಲ್ಲಿದ್ದ ನೀರು ತಂತಾನೇ ನಡುಗಿತು. ಒದ್ದೆ ಕಲ್ಲಿನ ವಾಸನೆ ಬಂತು. ಕರೆಂಟಿನವರನ್ನು ಮನಸ್ಸಿನಲ್ಲೇ ಬೈದುಕೊಂಡು ಅವಳು ಬರೆಯುತ್ತ ಹೋದಳು.

ಹೊರಗೆ ಏನು ಬಂದು ನಿಂತಿತ್ತೋ ಅದನ್ನು ಸರಿಯಾಗಿ ನೋಡಿದವರು ಸಾಲಿನಲ್ಲಿ ಯಾರೂ ಇರಲಿಲ್ಲ. ಅರ್ಧ ಜನಕ್ಕೆ ಕಣ್ಣಿನ ಪೊರೆ. ಉಳಿದರ್ಧ ಜನ ತಮ್ಮ ನೋವಿನಲ್ಲೇ ಇದ್ದರು. ನಿವೃತ್ತ ಹೆಡ್‌ಮಾಸ್ತರ ಪ್ರಾಣೇಶರಾಯರಿಗೆ ಮಾತ್ರ ಯಾರೋ ದೊಡ್ಡ ಗಾತ್ರದವರು ಮುಂದೆ ನುಗ್ಗಿದಂತೆ ಮಸುಕಾಗಿ ಕಂಡಿತು. ಅವರು ಕೋಲು ಕುಟ್ಟಿದರು.

"ಏನ್ರೀ, ಲೈನ್ ಅಂಬೋದು ಕಾಣೂದಿಲ್ಲೇನು? ನಾವು ಮುಂಜಾನಿಂದ ಇಲ್ಲೆ ಭಜನಿ ಮಾಡ್ಲಿಕ್ಕೆ ನಿಂತೇವೇನು? ಹಿಂದ ಹೋಗ್ರಿ!"

ನಕ್ಷತ್ರಗಳಿಗಿಂತ ಹಳೆಯದಾದ ಆ ಜೀವ "ತಪ್ಪಾತ್ರಿ" ಎಂದು ಹೇಳಿ ಸಾಲಿನ ಕೊನೆಗೆ ಹೋಗಿ ನಿಂತಿತು. ಎರಡು ತಾಸು ನಿಂತಿತು. ಅಷ್ಟೊಂದು ಕಾದವರಿಗೆ ಎರಡು ತಾಸು ಹೆಚ್ಚಲ್ಲ ಬಿಡಿ.

ಅದರ ಸರದಿ ಬಂದಾಗ ಮೂರೂವರೆ. ಗುರುಬಾಯಿ ಹೊಸ ಫಾರ್ಮು ಎಳೆದುಕೊಂಡಳು. "ಹೆಸರು?"

ಉತ್ತರ ಕಿವಿಗೆ ಬರಲಿಲ್ಲ, ದವಡೆಯ ಹಲ್ಲುಗಳಲ್ಲಿ ಜುಮ್ಮೆಂದಿತು. ಬರೆಯಲು ಹೋದರೆ ನಿಬ್ಬು ಮುರಿಯಿತು. ಬೇರೆ ಪೆನ್ನು ತೆಗೆದುಕೊಂಡಳು. "ಆಮ್ಯಾಲ ಬರಕೊಳ್ತೀನಿ. ಹುಟ್ಟಿದ ತಾರೀಖು?"

"ತಾರೀಖು ಅನ್ನೂದು ಹುಟ್ಟೂಕಿಂತ ಮದಲ್ರಿ."

ನಿಜಾಮನ ಕಾಲದವರು ಇಂಗ್ಲಿಷ್ ತಾರೀಖು ಗೊತ್ತಿಲ್ಲದೆ ಹೀಗೇ ಏನೇನೋ ಹೇಳುತ್ತಾರೆ. 'ಹಳೇ ಫಸಲಿ ವರ್ಷದ ಲೆಕ್ಕ, ನೋಡಬೇಕು' ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದಳು. "ಯಾವ ಇಲಾಖಾ?"

"ಇಲಾಖಾ ಗೊತ್ತಿಲ್ರಿ. ನೀರಾಗ ಇದ್ದೆ."

'ನೀರಾವರಿ' ಎಂದು ಬರೆದಳು. "ಪಿಂಚಣಿ ನಂಬರ್ ಹೇಳ್ರಿ."

"ನಂಬರ್ ಇಲ್ರಿ ಬಾಯೇರಿ. ಪಿಂಚಣಿ ನನಗ ಬ್ಯಾಡ. ಬದುಕೀನಿ ಅಂತ ಒಂದು ಕಾಗದ ಕೊಟ್ಟರ ಸಾಕ್ರಿ."

"ನಂಬರ್ ಇಲ್ಲಾಂದ್ರ ನಾವು ಕೊಡಾಕ ಬರಂಗಿಲ್ರಿ. ಅಧಿಕಾರಿ ಕಡಿಂದ ಬರಸ್ಕೋಬೇಕು." ಎದುರಿನಿಂದ ಒಂದು ನಿಟ್ಟುಸಿರು ಬಂತು; ಮೇಜಿನ ಮೇಲಿನ ಕಾಗದವೆಲ್ಲ ಒಮ್ಮೆ ಮೇಲೆದ್ದು ಕೂತವು. ಮೇ ತಿಂಗಳಿಂದ ತಡೆದಿಟ್ಟಿದ್ದ ರೂಢಿಯ ಮಾತು ಅವಳ ಬಾಯಿಂದ ತಾನೇ ಹೊರಬಿತ್ತು. "ಯಾರೂ ಸಿಗಲಿಲ್ಲಂದ್ರ ನಮ್ಮ ಮನಿಗೆ ಬರ್ರಿ. ನಾರಾಯಣಗೂಡ, ಬೇವಿನ ಗಿಡದ ಮನಿ. ನಮ್ಮ ತಂದಿಯವರು..."

ಅಷ್ಟರಲ್ಲಿ ಚಹದ ಟ್ರೇ ಹಿಡಿದು ಒಳಗೆ ಬಂದ ಪ್ಯೂನ್ ವೈಜನಾಥ ಕೌಂಟರಿನ ಕಡೆ ನೋಡಿದ. ಟ್ರೇ ನೆಲಕ್ಕೆ ಬಿತ್ತು. ಅವನ ಕಣ್ಣಿಗೆ ಪೊರೆ ಇರಲಿಲ್ಲ, ವಯಸ್ಸು ಮೂವತ್ತು. ಗುರುಬಾಯಿ ತಲೆ ಎತ್ತುವಷ್ಟರಲ್ಲಿ ಕೌಂಟರಿನ ಮುಂದೆ ಬರೀ ಬಿಸಿಲಿತ್ತು. ವೈಜನಾಥ ಮೇಜಿನ ಕೆಳಗೆ ಮೊಣಕಾಲು ತಬ್ಬಿಕೊಂಡು ಕೂತಿದ್ದ.

"ಅದರೊಳಗ ಚುಕ್ಕಿ ಅದಾವ್ರಿ ಬಾಯೇರಿ," ಎಂದ. "ಭಾಳ ಅದಾವ. ಒಂದೊಂದೂ ನನ್ನ ಕಡೆ ನೋಡಾಕತ್ತಿತ್ತು." ಆಮೇಲೆ ಸಣ್ಣ ಕೂಸಿನಂತೆ ಅಳತೊಡಗಿದ. ಅವನನ್ನು ರಿಕ್ಷಾದಲ್ಲಿ ಮನೆಗೆ ಕಳಿಸಿದರು. ಅವನ ಚಿಂತೆ ಓದುವವರಿಗೆ ಬೇಡ. ಸೋಮವಾರ ಅವನು ಎಂದಿನಂತೆ ತಡವಾಗಿ ಕೆಲಸಕ್ಕೆ ಬಂದ.

ಗುರುಬಾಯಿ ಮುಂದಿದ್ದ ಫಾರ್ಮು ನೋಡಿದಳು. ಹೆಸರಿನ ಜಾಗದಲ್ಲಿ ನಿಬ್ಬು ಮುರಿದು ಚೆಲ್ಲಿದ ಶಾಯಿ ಕಾಗದದ ಮೇಲೆ ನಿಧಾನ ಹರಿದಾಡುತ್ತಿತ್ತು, ಕೂರಲು ಜಾಗ ಹುಡುಕುವ ಇರುವೆಯ ಹಾಗೆ. ತಾನು ಯಾರಿಗೆ ಮನೆಯ ವಿಳಾಸ ಕೊಟ್ಟೆ? ಅದರತ್ತ ಒಂದು ಗಳಿಗೆ ನೋಡಿದ ಗಟ್ಟಿ ಆಳು ಹಾಗಾದ. ಮುಖ ಪೂರ್ತಿ ನೋಡದೆ ಸಹಿ ಹಾಕದ ಮುದುಕನ ಬಾಗಿಲಿಗೆ, ತಾನೇ ಕೈಯಾರೆ ಅದನ್ನು ಕಳಿಸಿದಳಲ್ಲ! ಆ ಫಾರ್ಮನ್ನು ರಜಿಸ್ಟರಿನೊಳಗೆ ಮುಚ್ಚಿಟ್ಟು, ರಜಿಸ್ಟರನ್ನು ಕಂಕುಳಲ್ಲಿ ಹಿಡಿದು, ದಾರಿಯುದ್ದಕ್ಕೂ ತನ್ನ ನಾಲಿಗೆಗೆ ಶಾಪ ಹಾಕಿಕೊಂಡು ಮನೆಗೆ ಬಂದಳು. ಅಪ್ಪ ಗೋಡೆಯ ಕಡೆಗೇ ಇದ್ದರು. ಅವತ್ತು ಮಾತ್ರ, ಇವರು ಹೀಗೇ ತಿರುಗಿರಲಪ್ಪಾ ಎಂದು ಅವಳಿಗೆ ಅನಿಸಿತು.

ಶನಿವಾರ ಬೆಳಿಗ್ಗೆ ಏಳಕ್ಕೆ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದಾಗ ಗುಬ್ಬಿಗಳು ಒಮ್ಮೆಲೇ ಸುಮ್ಮನಾದವು. ಬಕೆಟ್ಟಿನ ನೀರು ನಡುಗಿತು. ಅವಳು ಬಗ್ಗಿದಲ್ಲೇ ನಿಂತಳು. ಗೇಟಿನ ಹತ್ತಿರದಿಂದ ಒಂದು ನೆರಳು ಬಂದು ರಂಗೋಲಿಯ ಅಂಚಿಗೆ ನಿಂತಿತು. ಸೂರ್ಯ ಎದುರಿಗಿದ್ದ, ನೆರಳು ಸೂರ್ಯನ ಕಡೆಗೇ ಬಿದ್ದಿತ್ತು.

"ಒಳಗ ಬರಬಹುದೇನ್ರಿ?" ಅವಳ ಹಲ್ಲುಗಳು ಜುಮ್ಮೆಂದವು. "ರಂಗೋಲಿ ತುಳಿಯೂದಿಲ್ರಿ."

ಹೆದರಿಕೆಯಲ್ಲೂ ಅವಳಿಗೆ ಆ ಮಾತು ತಟ್ಟಿತು. ಈ ಗಲ್ಲಿಯಲ್ಲಿ ರಂಗೋಲಿ ನೋಡಿ ಕಾಲಿಡುವ ಮನುಷ್ಯರೇ ಕಡಿಮೆ. ಆದರೂ ಗಟ್ಟಿ ಮನಸ್ಸು ಮಾಡಿ, ನೆಲ ನೋಡುತ್ತಲೇ ಹೇಳಿದಳು. "ಅಪ್ಪಗ ಮೈಯಾಗ ಆರಾಮಿಲ್ರಿ. ಸಹಿ ಮಾಡೂದು ಬಿಟ್ಟಾರ. ನಾ ತಪ್ಪಿ ಹೇಳಿದೆ."

"ಆತ್ರಿ," ಎಂದಿತು ಅದು. ಆಮೇಲೆ ಕೇಳಿತು, "ಎಷ್ಟು ವರ್ಷ ಬಿಟ್ಟು ಬರಲ್ರಿ?"

ಇಪ್ಪತ್ತಾರು ವರ್ಷ ಅವಳು ಈ ದನಿ ಕೇಳಿದ್ದಳು. ನಾಳೆ ಬಾ, ಸೋಮವಾರ ಬಾ, ಸಾಹೇಬರು ರಜೆಯಲ್ಲಿದ್ದಾರೆ ಎಂದಾಗ ಸಿಟ್ಟೂ ಮಾಡದೆ, ಎಂದು ಬರಲಿ ಎಂದಷ್ಟೇ ಕೇಳುವವರ ದನಿ. ಆ ದನಿಗೆ ಹೆದರಿಯೇ ಅವಳು ತಲೆ ತಗ್ಗಿಸಲು ಕಲಿತದ್ದು. "ಅಯ್ಯ ಪಾಪ," ಎಂದಳು, ತಡೆಯುವ ಮೊದಲೇ. "ಯಾತಕ್ಕರಿ ನಿಮಗ ಈ ಕಾಗದ?"

ಅದು ಹೇಳಿತು. ಮೇಲಿನಿಂದ ಬಂದಿದ್ದರಂತೆ, ಬಹಳ ಮಂದಿ. ಇದು ಎಲ್ಲರಿಗಿಂತ ಸಣ್ಣದು. ನೀ ಇಲ್ಲಿ ಮಲಗಿರು, ಆಕಾಶದ ಚುಕ್ಕಿಗಳು ಸಾಲಿಗೆ ಬಂದಾಗ ಎಬ್ಬಿಸುತ್ತೇವೆ ಎಂದು ಹೇಳಿ ದೊಡ್ಡವರು ಹೋದರಂತೆ. ಮೇಲೆ ಬಂಡೆ ಬಂತು, ಮಣ್ಣು ಬಂತು, ಕೊನೆಗೆ ಯಾರೋ ಹುಸೇನ್ ಸಾಗರವೆಂಬ ಕೆರೆ ಕಟ್ಟಿದರು.

"ಚುಕ್ಕಿ ಸಾಲಿಗೆ ಬಂದು ಹೋದೂರಿ. ಯಾರೂ ಎಬ್ಬಸಲಿಲ್ಲ. ನಾನ ಎದ್ದು ಕೂಗಿದೆ. ಮ್ಯಾಲಿಂದ ಅಂದ್ರು, ನಮ್ಮ ದಫ್ತರದಾಗ ನೀ ಸತ್ತೀದಿ ಅಂತ ಐತಿ, ಬದುಕಿದ್ದಕ್ಕ ಕಾಗದ ತಾ ಅಂತ." ನೆರಳು ರಂಗೋಲಿಯ ಅಂಚಿನಿಂದ ತುಸು ಹಿಂದೆ ಸರಿಯಿತು. "ಟ್ಯಾಂಕ್‌ಬಂಡಿನ ಬೆಂಚಿನ ಮ್ಯಾಲೆ ಹಿರೇರು ಕೂಡ್ತಾರಲ್ರಿ, ಸಂಜೀಕ. ನೀರಾಗ ಮಲಗಿ ಅವರ ಮಾತು ಕೇಳಿ ಕೇಳಿ ನಾ ಮಾತು ಕಲತೀನಿ. ಅವರು ಮಾತಾಡೂದು ಇದೊಂದ ರೀ, ಲೈಫ್ ಸರ್ಟಿಫಿಕೇಟ್. ಖುದ್ದ ಹೋದರ ಕೊಡ್ತಾರ ಅಂದ್ರು. ಭಾಳ ಕಡೆ ಹೋದೆ. ಎಲ್ಲಾರೂ ಮಾರಿ ಮುಚ್ಕೋತಾರ್ರಿ. ನಾರಾಯಣಗೂಡದ ತಹಸೀಲ್ದಾರ ಸಾಹೇಬ್ರು ಮಾತ್ರ ಮಾರಿ ನೋಡಲಾರದ ಸಹಿ ಮಾಡೂದಿಲ್ಲ ಅಂತ ಬೆಂಚಿನವರು ಹೇಳ್ತಿದ್ರು."

"ಗುರವ್ವಾ," ಎಂದು ಒಳಗಿನಿಂದ ಕೂಗು ಬಂತು. "ಯಾರವರು?"

ಗುರುಬಾಯಿ ಕೈಯಲ್ಲಿದ್ದ ರಂಗೋಲಿ ಪುಡಿಯನ್ನೆಲ್ಲ ಚೆಲ್ಲಿಬಿಟ್ಟಳು. ಅಪ್ಪ ತಾವಾಗಿ ಮಾತಾಡಿ ಎಷ್ಟು ದಿನವಾಗಿತ್ತು! ಓಡಿ ಬಾಗಿಲಿಗೆ ಹೋದಳು. ರಾಯರು ಇನ್ನೂ ಗೋಡೆಗೇ ತಿರುಗಿದ್ದರು, ಆದರೆ ಮೊಣಕೈ ಊರಿ ಅರ್ಧ ಎದ್ದಿದ್ದರು.

"ಸಹಿಗೆ ಬಂದಾರ್ರಿ, ಅಪ್ಪಾ. ಇಲ್ಲ ಅಂತ ಹೇಳೀನಿ."

"ಏನ್ ಕಾಗದ?"

"ಬದುಕಿದ್ದಕ್ಕ."

ರಾಯರು ಗೋಡೆಗೆ ಕೈಯೂರಿ ಕೇಳಿದರು. "ಎಲ್ಲಾರೂ ಮಾರಿ ಮುಚ್ಕೋತಾರ ಅಂದ್ರಲ್ಲ, ಯಾಕಂತ?"

"ಅವರು ಮನಶ್ಯಾರ ಅಲ್ರಿ, ಅಪ್ಪಾ." ಅವಳು ಮಂಚದ ಪಕ್ಕ ಕುಸಿದು ಕೂತಳು. "ನಿನ್ನೆ ವೈಜನಾಥ ನೋಡಿ ತಲಿ ಕೆಟ್ಟಂಗ ಆದ. ನೀವು ನೋಡಬ್ಯಾಡ್ರಿ. ನಿಮಗೇನಾರ ಆದರ ನನಗ ಯಾರದಾರ?"

"ಬಾಗಿಲಿಗೆ ಬಂದವರನ್ನ ನಿಮ್ಮವ್ವ ಹಂಗ ಕಳಿಸಿದ್ದಿಲ್ಲ," ಎಂದರು ರಾಯರು. ಆಮೇಲೆ ಕಾಲನ್ನು ಒಂದೊಂದಾಗಿ ಮಂಚದಿಂದ ಕೆಳಗೆ ಬಿಟ್ಟರು. "ಟೊಪಗಿ ಕೊಡು. ಪೆನ್ನ ತಾ."

ಪೆನ್ನಿನ ಶಾಯಿ ಒಣಗಿ ನಿಬ್ಬಿಗೆ ಹಸಿರು ಪಾಚಿ ಕಟ್ಟಿತ್ತು. ಗುರುಬಾಯಿ ಬಿಸಿನೀರಿನಲ್ಲಿ ಅದ್ದಿ ತೊಳೆದಳು. ಅವ್ವನ ಶಾಯಿ ಬಾಟಲಿ ಇಟ್ಟ ಕಡೆಯೇ ಇತ್ತು, ಮುಚ್ಚಳಕ್ಕೆ ಅವಳ ಬಟ್ಟೆಯ ಚೂರು ಕಟ್ಟಿದ ಹಾಗೇ. ಶಾಯಿ ತುಂಬುವಾಗ ಎರಡು ಹನಿ ಸೀರೆಯ ಮೇಲೆ ಬಿದ್ದವು. ಕಪಾಟಿನ ಮೇಲಿದ್ದ ಅಪ್ಪನ ಫಾರ್ಮನ್ನೂ ಅವಳು ರಜಿಸ್ಟರಿನೊಳಗೆ ಇಟ್ಟುಕೊಂಡಳು. ಯಾಕೆಂದು ಆಗ ಅವಳಿಗೂ ತಿಳಿದಿರಲಿಲ್ಲ.

ರಾಯರು ಮಗಳ ಹೆಗಲು ಹಿಡಿದು ವರಾಂಡಕ್ಕೆ ಬಂದರು. ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿ ಹಾಕಿಕೊಂಡರು. ಗುರುಬಾಯಿ ಕಾಲ ಬಳಿ ಕೂತು ರಜಿಸ್ಟರು ಬಿಚ್ಚಿದಳು. ಒಂದು ಕೈಯಲ್ಲಿ ತನ್ನ ಕಚೇರಿಯ ಪೆನ್ನು, ಇನ್ನೊಂದು ಕೈ ಅಪ್ಪನ ಮುಂಗೈ ಮೇಲೆ. ಕಣ್ಣು ಕಾಗದದ ಮೇಲೆ.

"ಮುಂದ ಬರ್ರಿ," ಎಂದರು ರಾಯರು. ನೆರಳು ರಂಗೋಲಿ ಬಳಸಿಕೊಂಡು ಮುಂದೆ ಬಂತು. ರಾಯರು ನೋಡಿದರು.

ಅವರ ನಾಡಿ ಅವಳ ಬೆರಳ ಕೆಳಗೆ ಹುಚ್ಚೆದ್ದು ಓಡಿತು. ಕೈ ಮಂಜುಗಡ್ಡೆಯಾಯಿತು. ಉಸಿರು ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಅವ್ವಾ, ಇವರನ್ನು ನೋಡಿಕೋ ಎಂದು ಗುರುಬಾಯಿ ಮನಸ್ಸಿನಲ್ಲೇ ಕಿರುಚಿದಳು. ಎಷ್ಟು ಹೊತ್ತೋ. ಆಮೇಲೆ ಉಸಿರು ಹೊರಗೆ ಬಂತು. ನಾಡಿ ಓಡುತ್ತಲೇ ಇತ್ತು, ಆದರೆ ದಾರಿ ಸಿಕ್ಕವರ ಹಾಗೆ ಓಡುತ್ತಿತ್ತು.

"ಬರಕೋ," ಎಂದರು ರಾಯರು. ದನಿ ಒಡೆದಿತ್ತು, ಆದರೆ ತಹಸೀಲ್ದಾರರದೇ. "ಎತ್ತರ. ಈಗ ಕಾಣೂ ಮಟ್ಟಿಗೆ ಏಳು ಅಡಿ. ಹಿಂದ ಇನ್ನೂ ಐತಿ, ಅದು ನಮ್ಮ ಹದ್ದಿಗೆ ಬರಂಗಿಲ್ಲ. ಬಣ್ಣ, ರಾತ್ರಿ ಕೆರಿ ನೀರಿನ ಬಣ್ಣ. ಕಣ್ಣು..."

"ಎಷ್ಟ್ರಿ, ಅಪ್ಪಾ?"

"ಎಣಸಾಕತ್ತೀನಿ, ತಡಿ." ಬಹಳ ಹೊತ್ತಾಯಿತು. "ಇರಲಿ, ಸಾಕಷ್ಟು ಅಂತ ಬರಿ. ಎಲ್ಲಾ ತೆರದಾವ, ಎಲ್ಲಾ ಒದ್ದಿ ಆಗ್ಯಾವ." ರಾಯರು ಮುಂದಕ್ಕೆ ಬಾಗಿದರು. "ಗುರುತು, ಒಂದು. ಎಡಗಡೆ, ನಡುವಿನ ಸಾಲಿನ ಕಣ್ಣಿನ ಕೆಳಗ ಒಂದು ಸಣ್ಣ ಮಚ್ಚಿ."

ಅಂಗಳದಲ್ಲಿ ಬೇವಿನ ಎಲೆಗಳೆಲ್ಲ ಅಲ್ಲಾಡಿದವು. "ಹೌದೇನ್ರಿ?" ಎಂದಿತು ಅದು, ಬಹಳ ಮೆಲ್ಲಗೆ. "ಅಲ್ಲಿ ಮಚ್ಚಿ ಐತೇನ್ರಿ? ನನಗ ಯಾರೂ ಹೇಳಿದ್ದಿಲ್ರಿ."

"ಐತಿ. ಚಂದ ಐತಿ," ಎಂದರು ರಾಯರು.

ಗುರುಬಾಯಿಗೆ ಅಕ್ಷರ ಕಾಣದಾಯಿತು. ಲೋಕ ಹುಟ್ಟಿದಾಗಿನಿಂದ ಇದ್ದವರಿಗೆ ತಮ್ಮ ಮುಖದ ಮಚ್ಚೆ ಗೊತ್ತಿರಲಿಲ್ಲ. ಯಾರೂ ಅಷ್ಟು ಹೊತ್ತು ನಿಂತು ನೋಡಿರಲೇ ಇಲ್ಲ. ತಾನೂ ನಿನ್ನೆ ಎರಡು ತಾಸು ನಿಲ್ಲಿಸಿ, ಮುಖ ನೋಡದೆ 'ನೀರಾವರಿ' ಎಂದು ಬರೆದಿದ್ದಳು. ಅವಳಿಗೆ ನಾಚಿಕೆಯಾಯಿತು. ಮೂಗು ಒರೆಸಿಕೊಂಡು ಬರೆದಳು: ಎಡಗಡೆ ಮಚ್ಚೆ. ಕಾಗದದ ಮೇಲೆ ಹರಿದಾಡುತ್ತಿದ್ದ ಆ ಹೆಸರು, ತನ್ನ ಜಾಗಕ್ಕೆ ಬಂದು ಸುಮ್ಮನೆ ಕೂತಿತು.

"ಈ ಜೀವ ನನ್ನ ಎದುರಿಗೆ ಖುದ್ದ ಹಾಜರಾಗಿ, ಬದುಕಿದ್ದು ಖರೆ ಐತಿ," ಎಂದು ರಾಯರು ಹೇಳಿ ಬರೆಯಿಸಿದರು. "ಕೊಡಿಲ್ಲೆ, ಸಹಿ ಮಾಡ್ತೀನಿ."

ಗುರುಬಾಯಿ ಕಾಗದ ಕೊಡಲಿಲ್ಲ. ಎರಡೂ ಕೈಯಿಂದ ಒತ್ತಿ ಹಿಡಿದಳು. ಈ ಸಹಿ ಮುಗಿದರೆ ಅಪ್ಪ ಪೆನ್ನಿಗೆ ಮುಚ್ಚಳ ಹಾಕುತ್ತಾರೆ. ಒಳಗೆ ಹೋಗಿ ಗೋಡೆಗೆ ತಿರುಗುತ್ತಾರೆ. ಸಂಜೆ ಐದಕ್ಕೆ ತಾನು ಕೆಂಪು ಶಾಯಿ ತೆಗೆಯಬೇಕು. ಇಡೀ ನೌಕರಿಯಲ್ಲಿ ಅವಳು ಇಲ್ಲದ ನಿಯಮವನ್ನು ಯಾರಿಗೂ ಹೇಳಿದವಳಲ್ಲ. ಅವತ್ತು ಹೇಳಿದಳು.

"ನಿಮ್ಮ ಸಹಿ ನಡಿಯಂಗಿಲ್ರಿ, ಅಪ್ಪಾ. ಸಹಿ ಹಾಕೋ ನಿವೃತ್ತ ಅಧಿಕಾರಿ ಆ ವರ್ಷದ ತನ್ನ ಲೈಫ್ ಸರ್ಟಿಫಿಕೇಟ್ ಮದಲ ಕೊಟ್ಟಿರಬೇಕು. ನೀವು ಕೊಟ್ಟಿಲ್ಲ."

ರಾಯರ ಪೆನ್ನು ಗಾಳಿಯಲ್ಲೇ ನಿಂತಿತು. ರೆವಿನ್ಯೂ ಇಲಾಖೆಯ ನಿಯಮಗಳನ್ನು ನಿದ್ದೆಗಣ್ಣಲ್ಲೂ ಹೇಳುತ್ತಿದ್ದ ಮನುಷ್ಯ ಅವರು. "ಯಾವ ಸರ್ಕ್ಯುಲರು?"

ಅವಳು ಇಲ್ಲದ ಸರ್ಕ್ಯುಲರನ್ನು ಹುಡುಕುವವಳಂತೆ ರಜಿಸ್ಟರಿನ ಹಾಳೆ ತಿರುವತೊಡಗಿದಳು. ಆಗ ಅಂಗಳದಿಂದ ಆ ದನಿ ಬಂತು. "ಐತ್ರಿ ಸಾಹೇಬ್ರ, ಆ ನಿಯಮ ಐತಿ. ಬೆಂಚಿನ ಮ್ಯಾಲೆ ನಾನೂ ಕೇಳೀನ್ರಿ."

ಆ ಬೆಂಚಿನ ಮೇಲೆ ಅಂಥದ್ದೇನೂ ಯಾರೂ ಹೇಳಿರಲಿಲ್ಲ. ಗುರುಬಾಯಿ ತಲೆ ಎತ್ತಿದಳು. ಎದುರಿಗಿದ್ದದ್ದು ಅಪ್ಪನ ಮುಖ. ಅವರು ಅಂಗಳದ ಕಡೆಯಿಂದ ಕಣ್ಣು ತೆಗೆದು ಮಗಳ ಕಡೆ ತಿರುಗಿದ್ದರು. ಮೊದಲು ಹಣೆ, ಆಮೇಲೆ ಕಣ್ಣು, ಕೆನ್ನೆ, ಗಲ್ಲ. ಆರು ತಿಂಗಳಾಗಿತ್ತು ಅವರು ಅವಳನ್ನು ನೋಡಿ. ಸುಳ್ಳು ಹೇಳಿದವಳ ಮುಖ ಅಡಗಿಸಲು ಅವಳಿಗೆ ರಜಿಸ್ಟರು ಬೇಕಿತ್ತು, ಆದರೂ ತಲೆ ತಗ್ಗಿಸಲಿಲ್ಲ. ಕಣ್ಣೀರು ಇಳಿ ಇಳಿದು ಗಲ್ಲದಿಂದ ತೊಟ್ಟಿಕ್ಕಿತು.

"ಎಷ್ಟ ಸೊರಗೀದಿ ನೀ, ಗುರವ್ವ," ಎಂದರು ರಾಯರು. ಕೈಯೆತ್ತಿ ಅವಳ ಕೆನ್ನೆ ಒರೆಸಿದರು. ಹೆಬ್ಬೆರಳಿನ ಹಸಿರು ಶಾಯಿ ಕೆನ್ನೆಗೆ ಹತ್ತಿತು. "ಅಂಥಾ ಸರ್ಕ್ಯುಲರ್ ಇಲ್ಲ."

"ಇಲ್ರಿ, ಅಪ್ಪಾ."

"ಹೂಂ." ರಾಯರು ಟೋಪಿ ಸರಿ ಮಾಡಿಕೊಂಡರು. "ಇರಬೇಕಿತ್ತು. ತಾ, ಮದಲ ನಂದು ತಾ."

ಅವಳು ರಜಿಸ್ಟರಿನೊಳಗಿಂದ ಅವರ ಫಾರ್ಮು ತೆಗೆದು ಮೊಣಕಾಲ ಮೇಲೆ ಇಟ್ಟಳು. ನಾನು ಈ ದಿನ ಜೀವಂತ ಇದ್ದೇನೆ ಎಂಬ ಸಾಲನ್ನು ರಾಯರು ಒಮ್ಮೆ ಓದಿದರು, ಇನ್ನೊಮ್ಮೆ ಓದಿದರು, ಕೆಳಗೆ ಪೂರ್ತಿ ಹೆಸರು ಬರೆದರು. ಆಮೇಲೆ ಇನ್ನೊಂದು ಕಾಗದಕ್ಕೂ ಸಹಿ ಹಾಕಿ, ಊದಿ, ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು.

ಕಾಗದ ಅವರ ಕೈಯಿಂದ ಮೆಲ್ಲಗೆ ಹೋಯಿತು. ನೆರಳು ಹಿಂದೆ ಸರಿದು ಗೇಟಿನ ಹತ್ತಿರ ನಿಂತಿತು.

"ಮುಂದಿನ ವರ್ಷನೂ ಬರಬೇಕೇನ್ರಿ, ಸಾಹೇಬ್ರ?"

"ಪ್ರತಿ ನವೆಂಬರಕ್ಕ ಬರಬೇಕು. ಖುದ್ದ ಬರಬೇಕು. ಅದು ಮಾತ್ರ ಖರೇ ನಿಯಮ."

"ಆವಾಗ ನೀವು ಇರ್ತೀರೇನ್ರಿ?"

ರಾಯರು ಮಗಳ ಕೆನ್ನೆಯ ಮೇಲಿನ ಹಸಿರು ಕಲೆಯನ್ನು ನೋಡಿದರು.

"ಇರ್ತೀನಿ," ಎಂದರು. "ಬರ್ರಿ."

ಗುರುಬಾಯಿ ಆಗ ಗೇಟಿನ ಕಡೆ ನೋಡಿದಳು. ನಿಧಾನ ನೋಡಿದಳು, ಅಪ್ಪ ನೋಡುವ ಹಾಗೆ. ಅವಳಿಗೇನೂ ಆಗಲಿಲ್ಲ. ಹುಸೇನ್ ಸಾಗರದವರು ಗಲ್ಲಿಯಲ್ಲಿ ದೂರ ಹೋಗುತ್ತಿದ್ದರು, ಕಾಗದ ಮಡಚದೆ, ಇದ್ದ ಕೈಗಳಿಂದೆಲ್ಲ ಅದನ್ನು ಮೇಲೆತ್ತಿ ಹಿಡಿದು, ಶಾಯಿ ಆರಲಿ ಎಂದು ಊದುತ್ತ.